ತೊಡೆಸಂದಿನಲ್ಲಿ ಸಿಗದೇ ಹೋದ ನಾಡಿ

ಮಗುವಿನ ಕಾಲು ತಣ್ಣಗಿದೆ ಅಂತ ಮೊದಲು ಹೇಳಿದ್ದು ನಮ್ಮಮ್ಮ. ಹುಟ್ಟಿ ಆರನೇ ದಿನ. ಕೈ ಬೆಚ್ಚಗಿತ್ತು, ಹಣೆ ಬೆಚ್ಚಗಿತ್ತು, ಪಾದ ಮಾತ್ರ ನೀರಲ್ಲಿ ಅದ್ದಿ ತೆಗೆದ ಹಾಗೆ. "ಸಾಕ್ಸ್ ಹಾಕೇ, ಫ್ಯಾನ್ ಗಾಳಿ ಜಾಸ್ತಿ ಆಗಿರತ್ತೆ" ಅಂದ್ರು, ನಾನೂ ಎರಡು ಜೊತೆ ಹಾಕಿದೆ. ಈಗ ಯೋಚಿಸಿದ್ರೆ ಆ ಸಾಕ್ಸ್ ಒಳಗೆ ರಕ್ತವೇ ಸರಿಯಾಗಿ ಹೋಗ್ತಿರ್ಲಿಲ್ಲ, ನಾವು ಹೊರಗಿಂದ ಬಿಸಿ ಮಾಡೋಕೆ ಹೊರಟಿದ್ವಿ.

ಇದನ್ನ ಬರೀತಿರೋದು ಯಾಕಂದ್ರೆ, ಅಯೋರ್ಟಾ, ಅಂದ್ರೆ ಹೃದಯದಿಂದ ಇಡೀ ಮೈಗೆ ರಕ್ತ ಒಯ್ಯೋ ದೊಡ್ಡ ರಕ್ತನಾಳ, ಅದರ ಕಮಾನಿನಲ್ಲಿ ತೊಂದ್ರೆ ಇದೆ ಅಂತ ಗೊತ್ತಾದ ರಾತ್ರಿ ನಾನು ಫೋನಲ್ಲಿ ಹುಡುಕಿ ಹುಡುಕಿ ಸುಸ್ತಾದೆ, ಕನ್ನಡದಲ್ಲಿ ಅಮ್ಮ-ಅಪ್ಪ ಬರೆದಿದ್ದು ಒಂದೂ ನನ್ನ ಕಣ್ಣಿಗೆ ಬೀಳಲಿಲ್ಲ. ನಾನು ಡಾಕ್ಟರ್ ಅಲ್ಲ. ನಮಗೆ ಏನೇನಾಯ್ತು, ಯಾವುದಕ್ಕೆ ಏನು ಕಾರಣ ಅಂತ ಕೇಳಿ ಕೇಳಿ ತಿಳ್ಕೊಂಡೆನೋ ಅಷ್ಟನ್ನ ಹೇಳ್ತೀನಿ.

ಹೆರಿಗೆ ನಾರ್ಮಲ್, ತೂಕ 3 ಕೆಜಿ, ಚೆನ್ನಾಗಿ ಅತ್ತ. ಎರಡನೇ ದಿನ ಬಲಗೈಗೆ ಒಂದು, ಕಾಲಿಗೆ ಒಂದು ಕೆಂಪು ಲೈಟಿನ ಪಟ್ಟಿ ಸುತ್ತಿ ಆಕ್ಸಿಜನ್ ನೋಡಿದ್ರು, ಎರಡೂ ಕಡೆ ಚೆನ್ನಾಗೇ ಬಂತು, ಹಾರ್ಟ್ ಸ್ಕ್ರೀನಿಂಗ್ ಪಾಸ್ ಅಂತ ಕಾಗದದ ಮೇಲೆ ಟಿಕ್ ಹಾಕಿ ಮೂರನೇ ದಿನ ಮನೆಗೆ ಕಳ್ಸಿದ್ರು. ಆ ಟಿಕ್ ನೋಡಿ ನಾವು ನೆಮ್ಮದಿಯಾಗಿದ್ವಿ. ಆ ಪರೀಕ್ಷೆ ಒಳ್ಳೇದೇ, ಎಷ್ಟೋ ಬೇರೆ ಹೃದಯದ ಕಾಯಿಲೆ ಹಿಡಿಯತ್ತೆ, ಆದ್ರೆ ಅಯೋರ್ಟಾ ಕಿರಿದಾಗಿರೋ ಮಕ್ಕಳು ಅದರಲ್ಲಿ ಆರಾಮಾಗಿ ಪಾಸ್ ಆಗಿ ಬಿಡಬಹುದು ಅಂತ ಆಮೇಲೆ ತಿಳೀತು. ಯಾಕಂದ್ರೆ ಅದು ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡತ್ತೆ, ರಕ್ತ ಎಷ್ಟು ಜೋರಾಗಿ ತಲುಪ್ತಿದೆ ಅಂತ ಅಲ್ಲ.

ಏಳನೇ ದಿನ ಬೆಳಗ್ಗೆಯಿಂದ ಹಾಲು ಬಿಟ್ಟ. ಎರಡು ಗುಟುಕು ಕುಡಿಯೋದು, ಬೆವರೋದು, ನಿದ್ದೆ ಹೋಗೋದು. ಹಸುಗೂಸು ಹಣೆ ಬೆವರೋದನ್ನ ನಾನು ಅವತ್ತೇ ನೋಡಿದ್ದು. ಉಸಿರು ಸಣ್ಣ ಸಣ್ಣದಾಗಿ ಫಾಸ್ಟಾಗಿ. ಮಧ್ಯಾಹ್ನ ತೋರಿಸಿದ ಡಾಕ್ಟ್ರು ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಸದ್ದೇನೂ ಇಲ್ಲ, ಹಾಲು ಕಡಿಮೆ ಆಗಿರಬಹುದು, ಎರಡು ಗಂಟೆಗೊಂದ್ಸಲ ಎಬ್ಬಿಸಿ ಕುಡಿಸಿ ಅಂದ್ರು. ಡೈಪರ್ ಬಿಚ್ಚಲಿಲ್ಲ. ಅವರ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು, ಈಗ ಸ್ವಲ್ಪ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ರಾತ್ರಿ ಹನ್ನೊಂದಕ್ಕೆ ಮಗು ಬೂದಿ ಬಣ್ಣಕ್ಕೆ ತಿರುಗಿತು. ಎಮರ್ಜೆನ್ಸಿಗೆ ಓಡಿದ್ವಿ. ಅಲ್ಲಿ ಡ್ಯೂಟಿಲಿದ್ದ ಡಾಕ್ಟರ್ ಚಿಕ್ಕ ಹುಡುಗಿ, ನನ್ನ ತಂಗಿ ವಯಸ್ಸಿರಬಹುದು. ಮಗು ಮಲಗಿಸಿದ ತಕ್ಷಣ ಡೈಪರ್ ಬಿಚ್ಚಿ ಎರಡೂ ತೊಡೆಸಂದಿಗೆ ಬೆರಳಿಟ್ಟು ಕಣ್ಮುಚ್ಚಿ ನಿಂತ್ಕೊಂಡ್ಲು. ನಾನು ಅಂದ್ಕೊಂಡೆ, ಇವ್ಳೇನು ಮಾಡ್ತಿದಾಳೆ, ಮಗುಗೆ ಉಸಿರಾಡೋಕೆ ಆಗ್ತಿಲ್ಲ, ಇವ್ಳು ಕಾಲು ಹಿಡ್ಕೊಂಡು ನಿಂತಿದಾಳೆ ಅಂತ. ಒಂದು ಕೈ ಮೊಣಕೈ ಹತ್ರ ತಂದ್ಲು, ಇನ್ನೊಂದು ತೊಡೆಸಂದಲ್ಲೇ. ಮತ್ತೆ ಬದಲಾಯಿಸಿದ್ಲು. "ಕೈಯಲ್ಲಿ ಪಲ್ಸ್ ಇದೆ, ಕಾಲಲ್ಲಿ ಸಿಗ್ತಿಲ್ಲ" ಅಂತ ನರ್ಸ್‌ಗೆ ಹೇಳಿದ್ದು ನನಗೂ ಕೇಳಿಸ್ತು. ನಾಲ್ಕೂ ಕೈಕಾಲಿಗೆ ಬಿಪಿ ನೋಡಿದ್ರು. ಬಲಗೈಯಲ್ಲಿ ಮೇಲಿನ ನಂಬರ್ 88, ಕಾಲಲ್ಲಿ 46.

ಎಕೋ, ಅಂದ್ರೆ ಹಾರ್ಟಿನ ಸ್ಕ್ಯಾನ್, ಮಾಡೋ ಡಾಕ್ಟ್ರು ಬರೋಕೆ ಮುಂಚೇನೇ ಒಂದು ಔಷಧಿ ಹನಿ ಹನಿಯಾಗಿ ಶುರು ಮಾಡಿದ್ರು, ಪ್ರೊಸ್ಟಗ್ಲಾಂಡಿನ್. ಈ ಹೆಸರು ನನಗೆ ಈಗ ನಮ್ಮ ಮನೆಯವರ ಹೆಸರಿನ ಹಾಗೆ. ಹೊಟ್ಟೆಯಲ್ಲಿರೋವಾಗ ಮಗುವಿನ ಶ್ವಾಸಕೋಶ ಕೆಲ್ಸ ಮಾಡಲ್ಲ, ಅದಕ್ಕೇ ಶ್ವಾಸಕೋಶಕ್ಕೆ ಹೋಗೋ ದೊಡ್ಡ ನಾಳದಿಂದ ಅಯೋರ್ಟಾಗೆ ಒಂದು ಅಡ್ಡದಾರಿ ಇರತ್ತಂತೆ, ಡಕ್ಟ್ ಅಂತಾರೆ. ಹುಟ್ಟಿದ ಮೇಲೆ ಕೆಲವು ದಿನದಲ್ಲಿ ಅದು ತಾನಾಗೇ ಮುಚ್ಕೊಳತ್ತೆ. ನನ್ನ ಮಗನಿಗೆ ಅಯೋರ್ಟಾ ಕಮಾನಾಗಿ ಬಾಗಿ ಕೆಳಗೆ ಇಳಿಯೋ ಜಾಗದಲ್ಲಿ, ಎಡಗೈಗೆ ಹೋಗೋ ಕವಲು ದಾಟಿದ ಕೂಡ್ಲೇ, ಸರಿಯಾಗಿ ಆ ಡಕ್ಟ್ ಸೇರೋ ಕಡೆ, ಹಿಸುಕಿದ ಹಾಗೆ ಕಿರಿದಾಗಿತ್ತು. ಇದಕ್ಕೆ ಕೋಆರ್ಕ್ಟೇಷನ್ ಅಂತ ಹೆಸರು. ಡಕ್ಟ್ ತೆರೆದಿರೋ ತನಕ ಅಲ್ಲಿ ಒಂದಿಷ್ಟು ಜಾಗ ಇರತ್ತೆ, ಕೆಳಗಿನ ಅರ್ಧ ದೇಹಕ್ಕೆ ರಕ್ತ ಹೇಗೋ ಹೋಗ್ತಿರತ್ತೆ. ಡಕ್ಟ್ ಮುಚ್ಚೋಕೆ ಶುರುವಾದ್ರೆ ಅದರ ಮಾಂಸ ಅಯೋರ್ಟಾದ ಗೋಡೆಗೂ ಹಬ್ಬಿರೋದ್ರಿಂದ ಅದನ್ನೂ ಜೊತೆಗೆ ಎಳ್ಕೊಂಡು ಬಿಗಿ ಮಾಡತ್ತೆ. ಅಂದ್ರೆ ಮನೆಗೆ ಬಂದಾಗ ಚೆನ್ನಾಗಿದ್ದ ಮಗು ಒಂದು ವಾರಕ್ಕೆ ಕುಸಿಯೋದು ಆಕಸ್ಮಿಕ ಅಲ್ಲ, ಈ ಕಾಯಿಲೆ ನಡೆಯೋ ರೀತಿನೇ ಹಾಗೆ.

ಪ್ರೊಸ್ಟಗ್ಲಾಂಡಿನ್ ಆ ಡಕ್ಟನ್ನ ಮತ್ತೆ ತೆರೆಸತ್ತೆ. ಹುಟ್ಟಿದ ಮಕ್ಕಳಿಗೆ ಇದನ್ನ ಕೊಡೋಕೆ ಶುರು ಮಾಡಿದ್ದು 1970ರ ದಶಕದಲ್ಲಂತೆ. ಅದಕ್ಕೂ ಮುಂಚೆ ಹುಟ್ಟಿದ್ದಿದ್ರೆ ಅನ್ನೋ ಯೋಚನೆ ನನಗೆ ಈಗ್ಲೂ ಬರತ್ತೆ, ಬಂದ ತಕ್ಷಣ ಎದ್ದು ಬೇರೆ ಏನೋ ಕೆಲ್ಸ ಮಾಡ್ತೀನಿ. ಆ ಔಷಧಿಗೆ ಒಂದು ಕೆಟ್ಟ ಗುಣ ಇದೆ, ಮಗು ಉಸಿರಾಡೋದನ್ನೇ ಮರೆತು ಬಿಡಬಹುದು. ನನ್ನ ಮಗನೂ ಮರೆತ, ಎರಡು ಸಲ. ಎರಡನೇ ಸಲಕ್ಕೆ ವೆಂಟಿಲೇಟರ್ ಹಾಕಿದ್ರು. ರಕ್ತದಲ್ಲಿ ಲ್ಯಾಕ್ಟೇಟ್ 11 ಅಂತ ಬಂದಿತ್ತು, ಅಂಗಗಳಿಗೆ ಆಕ್ಸಿಜನ್ ಸಾಲದಿದ್ರೆ ಏರೋ ಅಂಶ ಅದು, 2ರ ಕೆಳಗಿರಬೇಕಂತೆ. ಮೂತ್ರ ಇಲ್ಲ. ಕಿಡ್ನಿ, ಲಿವರ್, ಕರುಳು ಎಲ್ಲ ಕಿರಿದಾದ ಜಾಗಕ್ಕಿಂತ ಕೆಳಗೇ ಇರೋದಲ್ವಾ, ಅವೆಲ್ಲಕ್ಕೂ ಒಟ್ಟಿಗೆ ಬರ.

ಬೆಳಗಿನ ಜಾವ ಮೂರು ಗಂಟೆಗೆ ಆ ಚಿಕ್ಕ ಡಾಕ್ಟರ್ ನನ್ನ ಕರೆದು, "ಇಲ್ಲಿ ಬೆರಳಿಡಿ, ಒತ್ತಬೇಡಿ, ಸುಮ್ನೆ ಇಡಿ" ಅಂತ ನನ್ನ ಬೆರಳನ್ನ ಮಗುವಿನ ತೊಡೆಸಂದಿಗೆ ಇಡಿಸಿದ್ಲು. ಮೊದಲು ಏನೂ ಗೊತ್ತಾಗ್ಲಿಲ್ಲ. ಆಮೇಲೆ ಚಿಟ್ಟೆ ರೆಕ್ಕೆ ಬಡಿದಷ್ಟು. ಡಕ್ಟ್ ತೆರ್ಕೊಂಡಿತ್ತು. ಅಲ್ಲಿ ತನಕ ಅಳದೇ ಇದ್ದ ನಾನು ಆಗ ಅತ್ತೆ.

ಎಕೋದಲ್ಲಿ ಕಿರಿದಾದ ಜಾಗ 2 ಮಿಲಿಮೀಟರ್ ಅಂತ ಬಂತು. ನನಗೆ ಅನ್ಸಿದ್ದು, ಸರಿ, ಗೊತ್ತಾಯ್ತಲ್ಲ, ಬೆಳಗ್ಗೆನೇ ಆಪರೇಷನ್ ಮಾಡ್ತಾರೆ ಅಂತ. ಮಾಡಲಿಲ್ಲ. ನಾಲ್ಕು ದಿನ ಕಾದ್ರು. ಕಿಡ್ನಿ ಸುಧಾರಿಸಬೇಕು, ಲ್ಯಾಕ್ಟೇಟ್ ಇಳೀಬೇಕು, ಹಾರ್ಟ್ ಪಂಪ್ ಮಾಡೋ ಶಕ್ತಿ ವಾಪಸ್ ಬರಬೇಕು, ಸುಸ್ತಾದ ದೇಹಕ್ಕೆ ಚಾಕು ಹಾಕೋದು ಬೇಡ ಅಂತ. ನರ್ಸ್‌ಗಳು ಪ್ರತಿ ಡೈಪರನ್ನೂ ತಕ್ಕಡಿಗೆ ಹಾಕಿ ತೂಗ್ತಿದ್ರು, ಎಷ್ಟು ಗ್ರಾಂ ಮೂತ್ರ ಅಂತ ಬರ್ಕೊಳ್ತಿದ್ರು. ಮೊದಲ ಸಲ 14 ಗ್ರಾಂ ಅಂದಾಗ ನಾವಿಬ್ರೂ ಪರೀಕ್ಷೆಲಿ ರ‍್ಯಾಂಕ್ ಬಂದ ಹಾಗೆ ಖುಷಿ ಪಟ್ವಿ. ಇವ್ರಂತೂ ಅಪ್ಪನಿಗೆ ಫೋನ್ ಮಾಡಿ ಹೇಳಿದ್ರು, ಹದಿನಾಲ್ಕು ಗ್ರಾಂ ಅಂತ, ಆಕಡೆಯಿಂದ ಮಾವನವ್ರಿಗೆ ಏನು ಅರ್ಥ ಆಯ್ತೋ ಗೊತ್ತಿಲ್ಲ, ಒಳ್ಳೇದಾಯ್ತಪ್ಪ ಅಂದ್ರಂತೆ.

ಆ ನಾಲ್ಕು ದಿನದಲ್ಲಿ ರಕ್ತನಾಳಗಳ ಚಿತ್ರ ತೆಗೆಯೋ ಸಿಟಿ ಆಂಜಿಯೋ ಆಯ್ತು. ಸರ್ಜನ್ ಬಂದು ಕೂತು ಒಂದು ಹಾಳೆ ಹಿಂದೆ ಚಿತ್ರ ಬರೆದು ಹೇಳಿದ್ರು. ಅವರು ಬರೆದಿದ್ದು ಛತ್ರಿ ಹಿಡಿಕೆ ತಲೆಕೆಳಗು ಮಾಡಿದ ಹಾಗಿತ್ತು. ಬಾಗಿದ ಭಾಗದ ಮೇಲಿಂದ ಮೂರು ಕವಲು, ಒಂದು ಬಲಗೈ ಮತ್ತು ತಲೆಯ ಬಲಭಾಗಕ್ಕೆ, ಎರಡನೇದು ತಲೆಯ ಎಡಭಾಗಕ್ಕೆ, ಮೂರನೇದು ಎಡಗೈಗೆ. ನಮ್ಮ ಮುಂದಿದ್ದ ಪ್ರಶ್ನೆ ಪಕ್ಕದಿಂದ ಹೋಗೋದಾ, ಎದೆ ಮುಂದಿಂದ ತೆಗೆಯೋದಾ ಅಂತ. ಕಿರಿದಾಗಿರೋದು ಆ ಒಂದು ಜಾಗ ಮಾತ್ರ ಆದ್ರೆ ಎಡಗಡೆ ಪಕ್ಕೆಲುಬುಗಳ ಮಧ್ಯದಿಂದ ಹೋಗಿ ಮಾಡಬಹುದು, ಹೃದಯ, ಶ್ವಾಸಕೋಶದ ಕೆಲ್ಸ ತಾನೇ ಮಾಡೋ ಹಾರ್ಟ್-ಲಂಗ್ ಮಷೀನ್ ಬೇಡ. ಕಮಾನೇ ಪೂರ್ತಿ ಸಣ್ಣದಾಗಿದ್ರೆ ಎದೆಮೂಳೆ ಸೀಳಿ, ಮಷೀನಿಗೆ ಹಾಕಿ, ಮೈ ತಣ್ಣಗೆ ಮಾಡಿ, ಕಮಾನಿನ ಕೆಳಭಾಗ ಉದ್ದಕ್ಕೆ ಬಿಡಿಸಿ ತೇಪೆ ಹಾಕಬೇಕಾಗಬಹುದು. ಅಳೆಯೋಕೆ ಅವ್ರು ಒಂದು ಸುಲಭ ಲೆಕ್ಕ ಹೇಳಿದ್ರು, ಮಗುವಿನ ತೂಕ ಎಷ್ಟು ಕೆಜಿಯೋ ಅದಕ್ಕೆ ಒಂದು ಸೇರಿಸಿ, ಕಮಾನಿನ ಅಡ್ಡ ಭಾಗದ ಅಗಲ ಅಷ್ಟು ಮಿಲಿಮೀಟರಾದ್ರೂ ಇರಬೇಕು. ನಮ್ಮವನು 3 ಕೆಜಿ, ಅಂದ್ರೆ 4 ಮಿಲಿಮೀಟರ್ ಬೇಕು, ಇದ್ದಿದ್ದು 4.5. ಅರ್ಧ ಮಿಲಿಮೀಟರ್! ನಾನು ಮನೆಗೆ ಬಂದ ಮೇಲೆ ಸ್ಕೇಲ್ ತಗೊಂಡು ನೋಡಿದೀನಿ ಅರ್ಧ ಮಿಲಿಮೀಟರ್ ಅಂದ್ರೆ ಎಷ್ಟು ಅಂತ, ಆ ಗೆರೆ ಪೆನ್ಸಿಲ್ ಮೊನೆಯಷ್ಟೂ ಇಲ್ಲ. ಅಷ್ಟರಲ್ಲಿ ಅವನ ಎದೆಮೂಳೆ ಉಳೀತು.

ಪಕ್ಕದ ಬೆಡ್ಡಿನ ಹೆಣ್ಣುಮಗುಗೆ ಆ ಅದೃಷ್ಟ ಇರ್ಲಿಲ್ಲ. ಅವಳಿಗೆ ಕಮಾನು ಕಿರಿದಲ್ಲ, ಮಧ್ಯದಲ್ಲಿ ತುಂಡೇ ಆಗಿತ್ತು, ಎರಡನೇ ಕವಲಿಗೂ ಮೂರನೇ ಕವಲಿಗೂ ನಡುವೆ ಏನೂ ಇಲ್ಲ. ಇದನ್ನ ಟೈಪ್ ಬಿ ಅಂತಾರೆ. ಎಲ್ಲಿ ತುಂಡಾಗಿದೆ ಅನ್ನೋದ್ರ ಮೇಲೆ ಎ, ಬಿ, ಸಿ ಅಂತ ವಿಂಗಡಿಸಿದ್ದು 1959ರಲ್ಲಿ ಸೆಲೋರಿಯಾ ಮತ್ತು ಪ್ಯಾಟನ್ ಅನ್ನೋರು, ಈಗ್ಲೂ ಅದನ್ನೇ ಬಳಸ್ತಾರೆ. ಅವಳಿಗೆ ಹೃದಯದ ಕೆಳಕೋಣೆಗಳ ಮಧ್ಯೆ ತೂತೂ ಇತ್ತು, ಇವೆರಡೂ ಸಾಮಾನ್ಯವಾಗಿ ಜೊತೆಗೇ ಬರತ್ತಂತೆ, ಜೊತೆಗೆ 22ನೇ ಕ್ರೋಮೋಸೋಮಿನಲ್ಲಿ ಒಂದು ಚೂರು ಇಲ್ಲ ಅಂತ ಕ್ಯಾಲ್ಸಿಯಂ ಕೂಡ ಇಳೀತಿತ್ತು. ಅವಳಮ್ಮ ಮತ್ತು ನಾನು ಪಂಪ್ ರೂಮಲ್ಲಿ ಪಕ್ಕ ಪಕ್ಕ ಕೂತು ಹಾಲು ಹಿಂಡ್ತಾ ಈ ಮಿಲಿಮೀಟರ್ ಲೆಕ್ಕ ಮಾತಾಡ್ತಿದ್ವಿ.

ಒಪ್ಪಿಗೆ ಪತ್ರ. ಇದರ ಬಗ್ಗೆ ಸ್ವಲ್ಪ ಹೇಳ್ಲೇಬೇಕು. ರಕ್ತಸ್ರಾವ, ಸೋಂಕು ಇವೆಲ್ಲ ಓದಿ ಸೈನ್ ಮಾಡೋಕೆ ಮನಸ್ಸು ಹೇಗೋ ತಯಾರಾಗಿರತ್ತೆ. ಅದರಲ್ಲಿ ಒಂದು ಸಾಲಿತ್ತು, ಬೆನ್ನುಹುರಿಗೆ ರಕ್ತ ಕಡಿಮೆಯಾಗಿ ಕಾಲುಗಳ ಸ್ವಾಧೀನ ಹೋಗಬಹುದು, ಬಹಳ ಅಪರೂಪ ಅಂತ. ಮತ್ತೆ ಕಾಲು! ಇವ್ರು ಪೆನ್ ಕೆಳಗಿಟ್ರು. ಸರ್ಜನ್ ಬೇಜಾರು ಮಾಡ್ಕೊಳ್ಳದೆ ಕೂತು ವಿವರಿಸಿದ್ರು, "ಅಯೋರ್ಟಾನ ಎರಡು ಕಡೆ ಕ್ಲಾಂಪ್ ಹಾಕಿ ಹೊಲಿಗೆ ಹಾಕೋ ತನಕ ಕೆಳಗಡೆ ರಕ್ತ ಹೋಗೋದು ಬಹಳ ಕಡಿಮೆ ಆಗತ್ತಮ್ಮ, ಅದಕ್ಕೇ ಆ ಟೈಮನ್ನ ಆದಷ್ಟು ಚಿಕ್ಕದು ಮಾಡ್ತೀವಿ, ಮೈನೂ 34-35 ಡಿಗ್ರಿಗೆ ಇಳಿಸ್ತೀವಿ, ತಣ್ಣಗಿದ್ರೆ ನರಗಳು ತಡ್ಕೊಳ್ತವೆ" ಅಂತ. ಸೈನ್ ಮಾಡಿದ್ವಿ. ಮಾಡದೇ ಇದ್ರೆ ಏನು ಅಂತ ಹೇಳೋ ಕಾಗದ ಯಾರೂ ಕೊಡಲ್ಲ, ಆದ್ರೆ ಆ ಏಳನೇ ರಾತ್ರಿ ನಾವು ಅದನ್ನ ಕಣ್ಣಾರೆ ನೋಡಿದ್ವಿ.

ಅವ್ರು ಹೇಳಿದ ಇನ್ನೊಂದು ವಿಷ್ಯ ನನಗೆ ಇಷ್ಟ ಆಯ್ತು. ಈ ಆಪರೇಷನ್ ಮೊದಲು ಮಾಡಿದ್ದು 1944ರಲ್ಲಿ ಸ್ವೀಡನ್ನಿನ ಕ್ಲಾರೆನ್ಸ್ ಕ್ರಾಫೋರ್ಡ್, ಮರುವರ್ಷ ಅಮೆರಿಕದ ಬಾಸ್ಟನ್ನಿನಲ್ಲಿ ರಾಬರ್ಟ್ ಗ್ರಾಸ್. ಕ್ರಾಫೋರ್ಡ್ ಬೇರೆ ಆಪರೇಷನ್ನಿನಲ್ಲಿ, ಅದೂ ಇದೇ ಡಕ್ಟ್ ಕಟ್ಟೋ ಆಪರೇಷನ್ನಿನಲ್ಲಿ, ರಕ್ತ ಹರಿಯೋಕೆ ಶುರುವಾಗಿ ಅಯೋರ್ಟಾನೇ ಕ್ಲಾಂಪ್ ಮಾಡಬೇಕಾಗಿ ಬಂತಂತೆ, ರೋಗಿ ಉಳ್ಕೊಂಡಾಗ, ಓ, ಸ್ವಲ್ಪ ಹೊತ್ತು ಹೀಗೆ ನಿಲ್ಲಿಸಬಹುದು ಅಂತ ಧೈರ್ಯ ಬಂತಂತೆ. ಯಾರದೋ ಗಾಬರಿಯಿಂದ ಹುಟ್ಟಿದ ಧೈರ್ಯ ನನ್ನ ಮಗನ ತನಕ ಬಂದಿದೆ.

ಹನ್ನೊಂದನೇ ದಿನ ಬೆಳಗ್ಗೆ ಏಳೂವರೆಗೆ ಕರ್ಕೊಂಡು ಹೋದ್ರು. ಒಳಗೆ ನಡೆದಿದ್ದು ನಾನು ನೋಡಿಲ್ಲ, ಆಮೇಲೆ ಕೇಳಿ ಬರ್ಕೊಂಡಿದ್ದು. ಬಲಮಗ್ಗುಲಿಗೆ ಮಲಗಿಸಿ, ಎಡ ಭುಜದ ಮೂಳೆ ಕೆಳಗೆ ಬಾಗಿದ ಗಾಯ, ನಾಲ್ಕನೇ ಪಕ್ಕೆಲುಬಿನ ಕೆಳಗಿನ ಸಂದಿಂದ ಒಳಗೆ, ಎಡ ಶ್ವಾಸಕೋಶ ಪಕ್ಕಕ್ಕೆ ಸರಿಸಿ. ಬಿಪಿ ಸತತವಾಗಿ ನೋಡೋ ಸೂಜಿ ಬಲ ಮಣಿಕಟ್ಟಿಗೇ ಹಾಕಬೇಕು, ಎಡಕ್ಕೆ ಹಾಕಿದ್ರೆ ಉಪಯೋಗ ಇಲ್ಲ, ಯಾಕಂದ್ರೆ ಕ್ಲಾಂಪ್ ಹಾಕಿದಾಗ ಎಡಗೈ ಕವಲೂ ಮುಚ್ಚಿರತ್ತೆ. ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಕೊಟ್ಟು, ಮೊದಲ ಮತ್ತು ಎರಡನೇ ಕವಲಿನ ಮಧ್ಯೆ ಒಂದು ಕ್ಲಾಂಪ್, ಕೆಳಗೆ ಒಂದು. ಮೆದುಳಿಗೆ ಆ ಮೊದಲ ಕವಲೊಂದೇ ಆಧಾರ. ಡಕ್ಟ್ ಕಟ್ಟಿ ಕತ್ತರಿಸಿ, ಕಿರಿದಾದ ತುಂಡನ್ನ ಡಕ್ಟಿನ ಮಾಂಸ ಚೂರೂ ಉಳಿಯದ ಹಾಗೆ ತೆಗೆದು, ಯಾಕಂದ್ರೆ ಉಳಿದ್ರೆ ಅದೇ ಮತ್ತೆ ಬಿಗಿಯಾಗತ್ತೆ, ಕಮಾನಿನ ಕೆಳಗೋಡೆಯನ್ನ ಉದ್ದಕ್ಕೆ ಸೀಳಿ, ಕೆಳಗಿನ ಅಯೋರ್ಟಾವನ್ನ ಮೇಲಕ್ಕೆಳೆದು ಆ ಉದ್ದ ಬಾಯಿಗೆ ಸೇರಿಸಿ ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿಗೆ. ತುದಿಗೆ ತುದಿ ನೆಟ್ಟಗೆ ಹೊಲಿದ್ರೆ ಹೊಲಿಗೆ ಉಂಗುರದ ಹಾಗೆ ಆಗಿ ಮಗು ಬೆಳೆದಾಗ ಅಲ್ಲೇ ಬಿಗಿಯಬಹುದು, ಓರೆಯಾಗಿ ಉದ್ದಕ್ಕೆ ಹೊಲಿದ್ರೆ ಬಾಯಿ ದೊಡ್ಡದಾಗಿರತ್ತೆ. ಹಿಂದೆ ಎಡಗೈ ರಕ್ತನಾಳವನ್ನೇ ಕತ್ತರಿಸಿ ಮಡಚಿ ತೇಪೆ ಹಾಕೋ ವಿಧಾನನೂ ಇತ್ತು, 1966ರಿಂದ, ಕೆಲವು ಕಡೆ ಈಗ್ಲೂ ಮಾಡ್ತಾರೆ. ಇವನಿಗೆ ಕ್ಲಾಂಪ್ ಇದ್ದಿದ್ದು 19 ನಿಮಿಷ.

ಆ 19 ನಿಮಿಷ ಹೊರಗೆ ಯಾವುದಾಗಿತ್ತು ಅಂತ ನಮಗೆ ಗೊತ್ತೇ ಆಗ್ಲಿಲ್ಲ. ಬಹುಶಃ ಇವ್ರು ಚಾರ್ಜರ್ ಹುಡುಕ್ತಿದ್ದಾಗ.

ಹತ್ತೂ ಮುಕ್ಕಾಲಿಗೆ ಸರ್ಜನ್ ಬಂದು, ಆಯ್ತು ಅಂದ್ರು. ನಾನು ಕೇಳಿದ ಮೊದಲ ಪ್ರಶ್ನೆ, "ಕಾಲು ಅಲ್ಲಾಡಿಸ್ತಾನಾ ಸಾರ್?" ಎಚ್ಚರ ಆದ್ಮೇಲೆ ನೋಡೋಣ ಅಂದ್ರು. ಮಧ್ಯಾಹ್ನ ಮೂರಕ್ಕೆ ನರ್ಸ್ ಪಾದಕ್ಕೆ ಉಗುರಿಂದ ಗೀರಿದ್ರು, ಎರಡೂ ಕಾಲು ಚಟ್ ಅಂತ ಎಳ್ಕೊಂಡ. ಪಾದ ಗುಲಾಬಿ, ಬಿಸಿ. ಬಿಸಿ ಅಂದ್ರೆ ಬಿಸಿ.

ಇಲ್ಲಿಗೆ ಕಥೆ ಮುಗೀತು ಅಂತ ನಾವು ಮನೆಗೆಲ್ಲ ಹೇಳಿಬಿಟ್ವಿ, ಅದು ತಪ್ಪಾಯ್ತು. ಅವತ್ತು ಸಂಜೆಯಿಂದ ಬಿಪಿ ಏರೋಕೆ ಶುರು. ಕಿರಿದಾದ ಜಾಗ ತೆಗೆದ ಮೇಲೆ ಬಿಪಿ ಇಳೀಬೇಕು ಅಲ್ವಾ, ಉಲ್ಟಾ. ಹುಟ್ಟಿದಾಗಿಂದ ದೇಹ ಕಡಿಮೆ ರಕ್ತಕ್ಕೆ ಹೊಂದ್ಕೊಂಡು ಜೋರಾಗಿ ತಳ್ಳು ತಳ್ಳು ಅಂತ ಹಾರ್ಮೋನ್ ಬಿಟ್ಕೊಂಡೇ ಇತ್ತು, ಅಡ್ಡಿ ಹೋಯ್ತು ಅಂತ ಅದಕ್ಕೆ ಗೊತ್ತಾಗೋಕೆ ಟೈಮ್ ಬೇಕು. ಮೊದಲ ದಿನದ್ದು ಒಂದು ಕಾರಣಕ್ಕೆ, ಎರಡು ಮೂರು ದಿನದ ಮೇಲಿಂದ ಕಿಡ್ನಿ ಬಿಡೋ ಹಾರ್ಮೋನಿಂದ ಇನ್ನೊಂದು ಅಲೆ. ಹೊಸ ಹೊಲಿಗೆ ಮೇಲೆ ಅಷ್ಟು ಒತ್ತಡ ಬೀಳಬಾರದು ಅಂತ ಎಸ್ಮೊಲಾಲ್, ನೈಟ್ರೊಪ್ರುಸೈಡ್ ಅಂತ ಎರಡು ಡ್ರಿಪ್. ಕರುಳಿಗೂ ಒಮ್ಮೆಲೇ ಜೋರು ರಕ್ತ ನುಗ್ಗಿ ಊತ ಬರಬಹುದು ಅಂತ ಎರಡು ದಿನ ಬಾಯಿಗೆ ಏನೂ ಇಲ್ಲ. ಹೊಟ್ಟೆ ಸುತ್ತಳತೆ ಟೇಪಲ್ಲಿ ಅಳೆಯೋದು, ಅದೊಂದು ನಂಬರ್ ನಮ್ಮ ಪಟ್ಟಿಗೆ ಹೊಸದಾಗಿ ಸೇರ್ತು.

ಮೂರನೇ ದಿನ ನನ್ನ ಹಾಲು ಮೂಗಿನ ಟ್ಯೂಬಿಂದ 5 ಎಂಎಲ್ ಕೊಟ್ರು. ಆಮೇಲೆ 10. ನಾನು ಎಂಟು ದಿನದಿಂದ ಹಿಂಡಿ ಹಿಂಡಿ ಫ್ರೀಜರಿಗೆ ಇಟ್ಟಿದ್ದೆ, ಬಾಟಲ್ ಮೇಲೆ ಡೇಟ್ ಬರೆದು. ನಾಲ್ಕನೇ ದಿನ ಬೆಳಗ್ಗೆ ಎದೆಯಿಂದ ಬರ್ತಿದ್ದ ಡ್ರೈನ್ ಟ್ಯೂಬ್ ನೋಡಿದ್ರೆ ಬೆಳ್ಳಗೆ. ಅಲ್ಲಿ ತನಕ ತಿಳಿ ಕೆಂಪು ನೀರಿನ ಹಾಗೆ ಬರ್ತಿತ್ತು, ಈಗ ಹಾಲೇ. ನನಗೆ ತಲೆ ತಿರುಗಿತು, ಹಾಲು ಹೊಟ್ಟೆಗೆ ಹೋಗದೆ ಎದೆಗೆ ಹೋಗ್ತಿದೆಯಾ ಅಂತ ಕೂಗ್ಬಿಟ್ಟೆ. ಹೆಚ್ಚು ಕಡಿಮೆ ಅದೇನೇ. ನಾವು ತಿಂದ ಕೊಬ್ಬಿನಂಶ ಕರುಳಿಂದ ಹೊತ್ಕೊಂಡು ಹೋಗೋ ಒಂದು ಸಣ್ಣ ದುಗ್ಧನಾಳ ಅಯೋರ್ಟಾ ಪಕ್ಕದಲ್ಲೇ ಎದೆಯಲ್ಲಿ ಮೇಲೆ ಹತ್ತತ್ತೆ, ಅದು ಅಥವಾ ಅದರ ಎಳೆಗಳು ಆಪರೇಷನ್ನಿನಲ್ಲಿ ಗಾಯ ಆಗೋದುಂಟು. ಬಾಯಿಗೆ ಏನೂ ಕೊಡದಿದ್ದಾಗ ಸೋರೋದು ಕಾಣಲ್ಲ, ಹಾಲು ಕೊಟ್ಟ ತಕ್ಷಣ ಬೆಳ್ಳಗೆ ಬರತ್ತೆ. ಕೈಲೋಥೊರಾಕ್ಸ್ ಅಂತ ಹೆಸರು. ಡ್ರೈನಿನ ನೀರನ್ನ ಲ್ಯಾಬಿಗೆ ಕಳ್ಸಿ ಅದರಲ್ಲಿ ಟ್ರೈಗ್ಲಿಸರೈಡ್ 110ಕ್ಕಿಂತ ಜಾಸ್ತಿ ಇದೆ ಅಂತ ಗಟ್ಟಿ ಮಾಡ್ಕೊಂಡ್ರು.

ಚಿಕಿತ್ಸೆ ಏನಪ್ಪಾ ಅಂದ್ರೆ ಅಮ್ಮನ ಹಾಲು ಬಂದ್. ಮೀಡಿಯಂ ಚೈನ್ ಕೊಬ್ಬು ಇರೋ ಸ್ಪೆಷಲ್ ಪುಡಿ ಮಾತ್ರ, ಎಂಸಿಟಿ ಅಂತಾರೆ, ಆ ಕೊಬ್ಬು ಈ ನಾಳದ ದಾರಿ ಹಿಡಿಯದೆ ನೇರ ರಕ್ತಕ್ಕೆ ಸೇರತ್ತೆ, ಹಾಗಾಗಿ ಗಾಯ ಒಣಗೋಕೆ ಬಿಡುವು ಸಿಗತ್ತೆ. ಆರು ವಾರ ಅಂದ್ರು. ಆಪರೇಷನ್ ದಿನ ಗಟ್ಟಿಯಾಗಿದ್ದವಳು ನಾನು, ಈ ಆರು ವಾರದ ಮಾತಿಗೆ ಕುಸಿದೆ. ಮಗು ಹತ್ರ ಹೋದ್ರೆ ಎದೆ ತುಂಬಿ ಸೋರೋದು, ಕೊಡೋ ಹಾಗಿಲ್ಲ, ಹಿಂಡದೇ ಬಿಟ್ರೆ ಬತ್ತಿ ಹೋಗತ್ತೆ, ಹಿಂಡಿದ್ರೆ ಫ್ರೀಜರಲ್ಲಿ ಜಾಗ ಇಲ್ಲ. ಎಲ್ರೂ ನನಗೆ ಹೇಳೋರು, ಅಷ್ಟು ದೊಡ್ಡ ಆಪರೇಷನ್ನೇ ಆಯ್ತು, ಹಾಲಿಂದೇನು ದೊಡ್ಡ ವಿಷ್ಯ ಅಂತ. ಅವರಿಗೆ ಏನು ಹೇಳೋದು. ಇಡೀ ಈ ಪ್ರಸಂಗದಲ್ಲಿ ನನ್ನ ಕೈಲಿ ಆಗ್ತಿದ್ದ ಕೆಲ್ಸ ಅದೊಂದೇ ಆಗಿತ್ತು. ಕೆಲವು ಕಡೆ ಅಮ್ಮನ ಹಾಲನ್ನೇ ಗಿರಗಿರ ತಿರುಗಿಸೋ ಮಷೀನಿಗೆ ಹಾಕಿ ಕೆನೆ ತೆಗೆದು ಕೊಡ್ತಾರೆ ಅಂತ ಕೇಳಿದೀನಿ, ಅದು ನಮ್ಮಲ್ಲಿ ಇರ್ಲಿಲ್ಲ. ನಿಮಗೆ ಈ ಪರಿಸ್ಥಿತಿ ಬಂದ್ರೆ ಆ ಪ್ರಶ್ನೆ ಕೇಳಿ ನೋಡಿ. ಅಂತೂ ನಾನು ದಿನಕ್ಕೆ ಏಳು ಸಲ ಹಿಂಡ್ತಾ ಹೋದೆ. ಡ್ರೈನ್ ಹನ್ನೆರಡು ದಿನಕ್ಕೆ ನಿಂತು, ಟ್ಯೂಬ್ ತೆಗೆದು, ಒಟ್ಟು 24 ದಿನಕ್ಕೆ ಮನೆಗೆ ಬಂದ್ವಿ, ಬಿಪಿಗೆ ಪ್ರೊಪ್ರನೊಲಾಲ್ ಸಿರಪ್ ಮತ್ತು ಆ ಪುಡಿ ಡಬ್ಬ ಜೊತೆಗೆ. ಆರು ವಾರ ಮುಗಿದ ದಿನ ಎದೆಗೆ ಹಾಕ್ಕೊಂಡ್ರೆ ಮಹಾರಾಯ ಮುಖ ತಿರುಗಿಸಿದ, ಬಾಟಲ್ ಬೇಕಂತೆ. ಮತ್ತೆ ಹತ್ತು ದಿನ ಬೇಕಾಯ್ತು ಸಮಾಧಾನ ಮಾಡೋಕೆ.

ಪಕ್ಕದ ಬೆಡ್ಡಿನ ಹುಡುಗಿಗೆ ಎದೆ ಮುಂದಿಂದ ಆಪರೇಷನ್ ಆಯ್ತು, ಮಷೀನಿಗೆ ಹಾಕಿ, ಮೆದುಳಿಗೆ ಬೇರೆ ಪೈಪಿಂದ ರಕ್ತ ಕೊಡ್ತಾ ಕಮಾನು ಸೇರಿಸಿ, ತೂತೂ ಮುಚ್ಚಿ. ಎದೆ ಎರಡು ದಿನ ಮುಚ್ಚದೆ ಹಾಗೇ ಬಿಟ್ಟಿದ್ರು, ಊತ ಇಳೀಲಿ ಅಂತ. ವೆಂಟಿಲೇಟರ್ ತೆಗೆದ ಮೇಲೆ ಅವಳು ಅಳ್ತಿದ್ಲು, ಸದ್ದು ಬರ್ತಿರ್ಲಿಲ್ಲ. ಮುಖ ಕೆಂಪಗೆ, ಬಾಯಿ ಅಗಲ, ಮಾನಿಟರಲ್ಲಿ ನಾಡಿ 190, ಆದ್ರೆ ರೂಮಲ್ಲಿ ನಿಶ್ಶಬ್ದ. ಧ್ವನಿಪೆಟ್ಟಿಗೆಗೆ ಹೋಗೋ ಎಡಗಡೆ ನರ ಅಯೋರ್ಟಾ ಕಮಾನಿನ ಕೆಳಗೇ ಸುತ್ತು ಹಾಕ್ಕೊಂಡು ವಾಪಸ್ ಮೇಲೆ ಹತ್ತತ್ತೆ, ಅದಕ್ಕೆ ಪೆಟ್ಟಾದ್ರೆ ಎಡ ಧ್ವನಿತಂತು ಅಲ್ಲಾಡಲ್ಲ. ಹಾಲು ಶ್ವಾಸನಾಳಕ್ಕೆ ಜಾರೋ ಭಯ, ಅದಕ್ಕೆ ತಿಂಗಳುಗಟ್ಟಲೆ ಟ್ಯೂಬಲ್ಲೇ ಹಾಲು. ಅವಳಮ್ಮ ಮತ್ತೆ ನಾನು ಈಗ್ಲೂ ಮೆಸೇಜ್ ಮಾಡ್ತೀವಿ. ಏಳು ತಿಂಗಳಿಗೆ ಒಂದು ವಾಯ್ಸ್ ನೋಟ್ ಬಂತು, ಬರೀ ಕಿರುಚಾಟ, ಕೆಳಗೆ ಏನೂ ಬರೆದಿರ್ಲಿಲ್ಲ.

ನಮ್ಮವನಿಗೆ ಐದನೇ ತಿಂಗಳ ಚೆಕಪ್ಪಲ್ಲಿ ಮತ್ತೆ ಕೈಗೂ ಕಾಲಿಗೂ ಬಿಪಿ ವ್ಯತ್ಯಾಸ ಬಂತು, 28. ಇಪ್ಪತ್ತು ದಾಟಿದ್ರೆ ಯೋಚಿಸ್ತಾರೆ. ಹೊಲಿಗೆ ಜಾಗದಲ್ಲೇ ಮತ್ತೆ ಬಿಗಿದಿತ್ತು. ಸಣ್ಣ ಕೂಸಿದ್ದಾಗ ಆಪರೇಷನ್ ಆದವರಿಗೆ ಹೀಗಾಗೋದುಂಟು, ಆದ್ರೆ ಬಹಳಷ್ಟು ಸಲ ಮೊದಲ ವರ್ಷದಲ್ಲೇ ಕಾಣಿಸ್ಕೊಳತ್ತೆ ಅಂತ ಮುಂಚೆನೇ ಹೇಳಿದ್ರು, ಹಾಗಾಗಿ ಭೂಮಿ ಬಾಯಿಬಿಟ್ಟ ಹಾಗೇನೂ ಆಗ್ಲಿಲ್ಲ. ಈ ಸಲ ಎದೆ ತೆರೆಯಲ್ಲ, ತೊಡೆಸಂದಿನ ರಕ್ತನಾಳದಿಂದ ಬಲೂನ್ ಕಳ್ಸಿ ಹಿಗ್ಗಿಸೋದು. ಸ್ಟೆಂಟ್ ಯಾಕೆ ಹಾಕಲ್ಲ ಅಂತ ಇವ್ರು ಕೇಳಿದ್ರು, ಮಗು ಬೆಳೆಯತ್ತೆ, ಸ್ಟೆಂಟ್ ತಾನಾಗಿ ಬೆಳೆಯಲ್ವಲ್ಲ ಅಂದ್ರು ಡಾಕ್ಟ್ರು. ಬಲೂನ್ ಒಂದೂವರೆ ಗಂಟೆಯಲ್ಲಿ ಮುಗೀತು, ವ್ಯತ್ಯಾಸ 6ಕ್ಕೆ ಇಳೀತು.

ರಾತ್ರಿ ನಾನು ಅಭ್ಯಾಸದ ಮೇಲೆ ಹೊದಿಕೆ ಒಳಗೆ ಕೈ ಹಾಕಿ ಪಾದ ಮುಟ್ಟಿದೆ. ಎಡಗಾಲು ಬಿಸಿ. ಬಲಗಾಲು ತಣ್ಣಗೆ.

ಆಗ ನನಗೆ ಸಾಕ್ಸ್ ನೆನಪಾಗಲೇ ಇಲ್ಲ. ನರ್ಸನ್ನ ಕೂಗಿ, "ಬಲಗಾಲಲ್ಲಿ ಪಲ್ಸ್ ಸಿಗ್ತಿಲ್ಲ" ಅಂದೆ, ಅದೇ ಮಾತು, ಆ ಹುಡುಗಿ ಹೇಳಿದ್ದೇ. ಟ್ಯೂಬ್ ಹಾಕಿದ ರಕ್ತನಾಳದಲ್ಲಿ ಹೆಪ್ಪುಗಟ್ಟಿತ್ತು, ಇಷ್ಟು ಚಿಕ್ಕ ಮಕ್ಕಳಲ್ಲಿ ಆಗೋ ತೊಂದ್ರೆ ಇದು. ಹೆಪಾರಿನ್ ಡ್ರಿಪ್ ಹಾಕಿದ್ರು, ಡಾಪ್ಲರ್ ಅಂತ ಪೆನ್ ಥರದ ಒಂದನ್ನ ಪಾದದ ಮೇಲೆ ಇಟ್ಟು ಸದ್ದು ಕೇಳೋರು, ಮೊದಲು ಏನೂ ಇಲ್ಲ, ಬೆಳಗ್ಗೆ ಹೊತ್ತಿಗೆ ಸುಯ್ ಸುಯ್ ಅಂತ ದೂರದಲ್ಲಿ ಗಾಳಿ ಬೀಸಿದ ಹಾಗೆ, ಮಾರನೇ ದಿನ ಬೆರಳಿಗೇ ಸಿಗ್ತು.

ಈಗ ನಾಲ್ಕು ವರ್ಷ. ಓಡ್ತಾನೆ, ಒದೀತಾನೆ, ಮೆಟ್ಟಿಲು ಇಳಿಯೋ ಬದಲು ಹಾರ್ತಾನೆ. ಬೆನ್ನ ಮೇಲೆ ಎಡಗಡೆ ಗಾಯದ ಗುರುತು ಮೊದಲು ಬೆರಳಷ್ಟಿದ್ದಿದ್ದು ಅವನ ಜೊತೆ ಉದ್ದ ಆಗ್ತಾ ಇದೆ. ಅಯೋರ್ಟಾ ಬಾಗಿಲಿನ ಕವಾಟಕ್ಕೆ ಮೂರರ ಬದಲು ಎರಡೇ ಎಸಳು ಅಂತ ಎಕೋದಲ್ಲಿ ಕಂಡಿದೆ, ಕೋಆರ್ಕ್ಟೇಷನ್ ಇರೋರಲ್ಲಿ ಅರ್ಧದಷ್ಟು ಜನಕ್ಕೆ ಇದೂ ಇರತ್ತೆ, ಸದ್ಯಕ್ಕೆ ಸೋರಿಕೆ ಇಲ್ಲ, ನೋಡ್ತಾ ಇರಬೇಕು. ಬಿಪಿಯನ್ನಂತೂ ಜೀವನಪೂರ್ತಿ ನೋಡಿಸಬೇಕು, ರಿಪೇರಿ ಚೆನ್ನಾಗಿ ಆಗಿದ್ರೂ ದೊಡ್ಡವರಾದ ಮೇಲೆ ಏರೋದುಂಟಂತೆ. ಸ್ವಲ್ಪ ದೊಡ್ಡವನಾದ ಮೇಲೆ ಎಂಆರ್‌ಐ ಮಾಡಿ ಹೊಲಿಗೆ ಜಾಗ ಬಲೂನಿನ ಹಾಗೆ ಉಬ್ಬಿಲ್ಲ ತಾನೇ ಅಂತ ನೋಡ್ತಾರೆ. ಪ್ರತಿ ಹೊಸ ಕ್ಲಿನಿಕ್ಕಲ್ಲೂ ನಾನು ಹೇಳೋದು ಎರಡೇ, ಬಿಪಿ ಬಲಗೈಗೆ ನೋಡಿ, ಕಾಲಿಗೂ ನೋಡಿ. ಕೆಲವರು ಮುಖ ನೋಡ್ತಾರೆ, ಈ ಅಮ್ಮನಿಗೆ ಜಾಸ್ತಿ ಆಯ್ತು ಅನ್ನೋ ಹಾಗೆ. ನೋಡ್ಲಿ.

ಹೋದ ತಿಂಗಳು ಚೆಕಪ್ಪಿಗೆ ಹೋದಾಗ ನಾನು ಬಾಯಿ ತೆಗೆಯೋ ಮುಂಚೆ ಅವನೇ ತೋಳು ಮಡಚಿ ಬಲಗೈ ಮುಂದಿಟ್ಟ. ಕಾಲಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದ್ರೆ ಅವನಿಗೆ ಕಚಗುಳಿ, ನಕ್ಕು ಒದ್ದು ಎರಡು ಸಲ ಎರರ್ ಬಂತು, ಮೂರನೇ ಸಲಕ್ಕೆ ಇವ್ರು ಮೊಬೈಲಲ್ಲಿ ಏನೋ ತೋರಿಸಿ ಸುಮ್ಮನಿರಿಸಿದ್ರು. ಬಲಗೈ 96, ಕಾಲು 101. ನರ್ಸ್ ಬರ್ಕೊಂಡ್ರು, ನಾನೂ ನನ್ನ ಪುಸ್ತಕದಲ್ಲಿ ಬರ್ಕೊಂಡೆ, ಮುಂದಿನ ಡೇಟ್ ಒಂದು ವರ್ಷಕ್ಕೆ.